ಸೊನ್ನೆ ಬರೆಯುವುದೂ ಕೆಲಸವೇ
ಓದುಗರ ಪ್ರಶ್ನೆಗಳಿಗೆ ಕ್ಷೇತ್ರ ಜೀವಶಾಸ್ತ್ರಜ್ಞರ ಉತ್ತರ

ಪ್ರಶ್ನೆ: ಹೊಂಡುರಾಸ್ ದೇಶದ ಕುಸುಕೊ ರಾಷ್ಟ್ರೀಯ ಉದ್ಯಾನದಲ್ಲಿ ಮೋಡ ಕವಿದ ಕಾಡಿದೆಯಂತೆ, ವನ್ಯಜೀವಿ ಸಂಶೋಧನೆಗೆ ಸ್ವಯಂಸೇವಕರನ್ನು ಸೇರಿಸಿಕೊಳ್ಳುತ್ತಾರಂತೆ. ಅಲ್ಲಿ ಏನು ಕೆಲಸ ಮಾಡಿಸುತ್ತಾರೆ? ಟೇಪರ್ ಪ್ರಾಣಿ, ಕ್ವೆಟ್ಸಾಲ್ ಹಕ್ಕಿ ನೋಡಲು ಸಿಗುತ್ತವೆಯೇ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಶಿರಸಿ

ಉತ್ತರ: ಟೇಪರ್‌ನ ಹೆಜ್ಜೆ ಗುರುತು ಸಿಕ್ಕರೂ ಅದೃಷ್ಟವೆನ್ನಿ. ಅದರ ಮುಖ ಕಾಣುವುದು ಹೆಚ್ಚಾಗಿ ಮರಕ್ಕೆ ಕಟ್ಟಿದ ಕ್ಯಾಮೆರಾಕ್ಕೆ ಮಾತ್ರ. ಕ್ವೆಟ್ಸಾಲ್ ಕಂಡರೆ ಕಂಡಿತು. ನಿಮ್ಮ ಪಾಲಿಗೆ ಬರುವುದು ಕಪ್ಪೆ, ಬಾವಲಿ, ಸಗಣಿ ಹುಳು. ಬೆಳಕು ಹರಿಯುವ ಮೊದಲೇ ಬಲೆ ಬಿಡಿಸಿ ಹಕ್ಕಿಗಾಗಿ ಕಾಯಬೇಕು, ರಾತ್ರಿ ತಲೆಗೆ ಟಾರ್ಚ್ ಕಟ್ಟಿಕೊಂಡು ಹಳ್ಳದಲ್ಲಿ ನಡೆಯಬೇಕು.

ಕುಸುಕೊ ಬಿಟ್ಟರೆ ಬೇರೆಲ್ಲೂ ಇಲ್ಲದ ಮರಗಪ್ಪೆಯೊಂದು ಅಲ್ಲಿದೆ: ಪ್ಲೆಕ್ಟ್ರೊಹೈಲಾ ಎಕ್ಸ್‌ಕ್ವಿಸಿಟಾ. ಈ ಕುಲದ ಕಪ್ಪೆಗಳ ಹೆಬ್ಬೆರಳ ಬುಡದಲ್ಲಿ ಮೂಳೆಯ ಮುಳ್ಳಿರುತ್ತದೆ. ಕಪ್ಪೆಗಳ ಚರ್ಮಕ್ಕೆ ಹತ್ತಿ ಕೊಲ್ಲುವ ಕಿಟ್ರಿಡ್ ಶಿಲೀಂಧ್ರ ಈ ಕಾಡಿಗೂ ಬಂದಿದೆ. ಅದನ್ನು ಪತ್ತೆ ಮಾಡಲು ಹತ್ತಿ ಸುತ್ತಿದ ಕಡ್ಡಿಯಿಂದ ಕಪ್ಪೆಯ ಹೊಟ್ಟೆ, ತೊಡೆ, ಕಾಲ್ಬೆರಳ ನಡುವಿನ ಚರ್ಮವನ್ನು ಎಣಿಸಿ ಎಣಿಸಿ ಒರೆಸುತ್ತಾರೆ. ಪ್ರತಿ ಕಪ್ಪೆಗೂ ಹೊಸ ಕೈಗವಸು. ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟು ತೊಳೆದು ಸೋಂಕು ನಿವಾರಕ ಹಾಕಲೇಬೇಕು. ಇಲ್ಲದಿದ್ದರೆ ರೋಗ ಹುಡುಕಲು ಹೋದವರೇ ರೋಗ ಹಂಚಿ ಬಂದಂತಾಗುತ್ತದೆ.

ಪ್ರಶ್ನೆ: ಸೇವೆ ಮಾಡುವವರೇ ವಾರಕ್ಕಿಷ್ಟು ಎಂದು ದುಡ್ಡು ಕಟ್ಟಬೇಕಂತೆ. ಇದು ವಂಚನೆಯಲ್ಲವೇ?
— ವಿದ್ಯಾರ್ಥಿಯೊಬ್ಬನ ತಂದೆ, ದಾವಣಗೆರೆ

ಉತ್ತರ: ದುಡ್ಡು ಕೇಳಿದ ಮಾತ್ರಕ್ಕೆ ವಂಚನೆ ಎನ್ನಲಾಗದು. ರಸ್ತೆ ಮುಗಿದ ಮೇಲೂ ಅಕ್ಕಿ, ಬೀನ್ಸ್, ಟೆಂಟು ಮೇಲೇರಬೇಕು. ದಾರಿ ತೋರಿಸುವವರಿಗೆ, ಅಡುಗೆಯವರಿಗೆ ಕೂಲಿ ಸಿಗಬೇಕು. ಇಂಥ ಎಷ್ಟೋ ಸಂಶೋಧನೆಗಳು ನಡೆಯುವುದೇ ಬಂದವರು ಕಟ್ಟುವ ಹಣದಿಂದ.

ಆದರೆ ಕಟ್ಟುವ ಮೊದಲು ನಾಲ್ಕು ಮಾತು ಕೇಳಿ. ಸಂಶೋಧನೆಗೆ ಆ ದೇಶದ ಅನುಮತಿ ಇದೆಯೇ? ಹಿಂದಿನ ವರ್ಷಗಳ ಮಾಹಿತಿಯಿಂದ ಯಾವ ಪ್ರಬಂಧಗಳು ಪ್ರಕಟವಾಗಿವೆ? ಸ್ಥಳೀಯರಿಗೆ ಮೂಟೆ ಹೊರುವುದಷ್ಟೇ ಕೆಲಸವೋ, ಅವರ ಹುಡುಗರೂ ವಿಜ್ಞಾನಿಗಳಾಗಿ ಬೆಳೆಯುತ್ತಿದ್ದಾರೋ? ಪ್ರಾಣಿಯನ್ನು ಯಾರು, ಯಾವ ತರಬೇತಿಯ ಮೇಲೆ ಮುಟ್ಟುತ್ತಾರೆ? ಪ್ರಬಂಧ ಕೇಳಿದರೆ ಕೋತಿಮರಿ ಅಪ್ಪಿಕೊಂಡ ಫೋಟೊ ಕಳಿಸುವವರಿಗೆ ದೂರದಿಂದಲೇ ಕೈ ಮುಗಿಯಿರಿ.

ಪ್ರಶ್ನೆ: ಕುಸುಕೊಗೆ ಹೋಗಲು ಮಗಳು ಹಟ ಹಿಡಿದಿದ್ದಾಳೆ. ಹಾವು, ಜ್ವರ, ದೂರದ ಆಸ್ಪತ್ರೆ ನೆನೆದರೆ ನನಗೆ ನಿದ್ದೆ ಬರುವುದಿಲ್ಲ.
— ಒಬ್ಬ ತಾಯಿ, ತುಮಕೂರು

ಉತ್ತರ: ಅಮ್ಮಾ, ನಿಮ್ಮ ಭಯಕ್ಕೆ ಕಾರಣವಿದೆ. ಆ ಕಾಡಿನ ಗಿಡಗಳ ಮೇಲೆ ಎಲೆಹಸಿರು ಬಣ್ಣದ ಮಂಡಲ ಜಾತಿಯ ಹಾವಿರುತ್ತದೆ. ಮೊಣಕಾಲವರೆಗಿನ ಗಂಬೂಟು ಹಾಕಬೇಕು, ಟಾರ್ಚ್ ಬಿಟ್ಟು ನೋಡದೆ ಯಾವ ಕೊಂಬೆಯನ್ನೂ ಹಿಡಿಯಬಾರದು. ತುರ್ತಾಗಿ ಕಾಡಿನಿಂದ ಹೊರತರುವ ವೆಚ್ಚವೂ ಸೇರಿದ ವಿಮೆ ಇಲ್ಲದೆ ಕಳಿಸಲೇಬೇಡಿ. ಲಸಿಕೆಗಳ ಬಗ್ಗೆ ಎರಡು ತಿಂಗಳ ಮೊದಲೇ ವೈದ್ಯರನ್ನು ಕಾಣಲಿ.

ಎತ್ತರದ ಚಿಂತೆ ಬೇಡ. ಕುಸುಕೊದ ತುತ್ತತುದಿ ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 300 ಮೀಟರ್ ಹೆಚ್ಚು, ಅಷ್ಟೇ. ನಮ್ಮ ಮಲೆನಾಡಿನ ಉಂಬಳಗಳ ಕಾಟ ಅಲ್ಲಿಲ್ಲ, ಅದರ ಬದಲು ಉಣ್ಣೆಗಳಿವೆ. ಆದರೆ ದಿನದಿನವೂ ಸತಾಯಿಸುವುದು ಒದ್ದೆ. ಅಲ್ಲಿ ಮಳೆ ನಿಂತರೂ ಮರ ತೊಟ್ಟಿಕ್ಕುತ್ತಲೇ ಇರುತ್ತದೆ. ತೇಲಿ ಬರುವ ಮೋಡದ ನೀರನ್ನು ಎಲೆಗಳೂ ಕೊಂಬೆಯ ಹಾವಸೆಯೂ ಸೋಸಿ ಇಳಿಸುತ್ತವೆ. ಸಂಜೆ ಒಗೆದು ಹಾಕಿದ ಕಾಲುಚೀಲ ನಾಲ್ಕನೇ ದಿನವೂ ಹಸಿಯಾಗಿಯೇ ಇರುತ್ತದೆ. ಒಂದು ಜೊತೆ ಬಟ್ಟೆಯನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಮಲಗುವ ಹೊತ್ತಿಗೆಂದೇ ಇಡಲಿ. ಬೆಳಿಗ್ಗೆ ಮತ್ತೆ ಅದೇ ಒದ್ದೆ ಬಟ್ಟೆ ತೊಡಲು ಮನಸ್ಸು ಗಟ್ಟಿಯಿದ್ದರೆ ಅವಳು ಅಲ್ಲಿ ನಿಲ್ಲುತ್ತಾಳೆ.

ಪ್ರಶ್ನೆ: ಎರಡು ವಾರ ಬಂದು ಹೋಗುವವರ ಎಣಿಕೆಯಿಂದ ಕಾಡಿಗೇನು ಲಾಭ? ವಿದೇಶಕ್ಕೆ ಹೋಗಲಾಗದ ನಮ್ಮ ಮಕ್ಕಳು ಇಲ್ಲೇ ಏನು ಮಾಡಬಹುದು?
— ಶಾಲಾ ಶಿಕ್ಷಕ, ಕೊಪ್ಪ

ಉತ್ತರ: ಒಬ್ಬರ ಎರಡು ವಾರಕ್ಕೆ ಬೆಲೆಯಿಲ್ಲ, ನಿಜ. ಅದೇ ಹಾದಿಯನ್ನು ಅದೇ ಋತುವಿನಲ್ಲಿ, ಅದೇ ಕ್ರಮದಲ್ಲಿ ವರ್ಷಾನುಗಟ್ಟಲೆ ಬೇರೆ ಬೇರೆಯವರು ನಡೆದರೆ ಅದು ಕಾಡಿನ ಲೆಕ್ಕಪುಸ್ತಕವಾಗುತ್ತದೆ. ಕೋಸ್ಟರಿಕಾದ ಮಾಂಟೆವರ್ಡೆಯ ಮೋಡದ ಕಾಡಿನಲ್ಲಿ ಚಿನ್ನದ ಬಣ್ಣದ ನೆಲಗಪ್ಪೆಯೊಂದಿತ್ತು. 1987ರಲ್ಲಿ ಮಳೆನೀರಿನ ಗುಂಡಿಗಳಲ್ಲಿ ಸಾವಿರಕ್ಕೂ ಹೆಚ್ಚು ಕಂಡವು. 1989ರಲ್ಲಿ ಕಂಡದ್ದು ಒಂದೇ. ಆಮೇಲೆ ಒಂದೂ ಇಲ್ಲ. ಮರುವರ್ಷವೂ ಅದೇ ಗುಂಡಿಗಳ ಬಳಿ ಹೋಗಿ ‘ಇಲ್ಲ’ ಎಂದು ಬರೆದವರಿದ್ದರು, ಹಾಗಾಗಿ ಆ ಕಪ್ಪೆ ಹೋದದ್ದು ಜಗತ್ತಿಗೆ ತಿಳಿಯಿತು.

ಹೊಸಬರು ತಪ್ಪುವುದೇ ಇಲ್ಲಿ. ಮಳೆಯಲ್ಲಿ ಎರಡು ತಾಸು ಹುಡುಕಿ ಏನೂ ಸಿಗದಾಗ ನಾಚಿಕೆಪಟ್ಟು ಕಾಲಂ ಖಾಲಿ ಬಿಡುತ್ತಾರೆ. ನಾನೂ ಬಿಟ್ಟು ಬೈಸಿಕೊಂಡಿದ್ದೇನೆ. ಕಾಲಂ ಖಾಲಿಯಿದ್ದರೆ ಯಾರೂ ನೋಡಿಲ್ಲ ಎಂದರ್ಥ. ಸೊನ್ನೆಯಿದ್ದರೆ ನೋಡಿದೆವು, ಇರಲಿಲ್ಲ ಎಂದರ್ಥ.

ಹೊಂಡುರಾಸ್‌ಗೆ ಹೋಗಬೇಕಿಲ್ಲ. ಬಾಬಾಬುಡನ್‌ಗಿರಿ, ಕುದುರೆಮುಖದ ಶೋಲಾಗಳೂ ಮೋಡದ ನೀರು ಕುಡಿಯುವ ಕಾಡುಗಳೇ. ಅಭಯಾರಣ್ಯದೊಳಗೆ ಕಾಲಿಡಲು, ಕಪ್ಪೆ ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ತೋಟದಂಚಿನ ಹಳ್ಳದಲ್ಲಿ ಕೂಗು ಕೇಳಲು ಯಾರ ಅನುಮತಿಯೂ ಬೇಡ. ಮಕ್ಕಳು ಮುಂಗಾರಿನಲ್ಲಿ ವಾರಕ್ಕೊಂದು ಸಂಜೆ, ಅದೇ ಜಾಗದಲ್ಲಿ, ಹದಿನೈದು ನಿಮಿಷ ಕಿವಿಗೊಟ್ಟು ಕೂರಲಿ. ದಿನಾಂಕ, ಗಂಟೆ, ಮಳೆಯಿತ್ತೇ, ಎಷ್ಟು ಬಗೆಯ ಕೂಗು ಎಂದು ಬರೆದಿಡಲಿ. ಹೆಸರು ಗೊತ್ತಿಲ್ಲದ ಕಪ್ಪೆಯ ದನಿಯನ್ನು ಫೋನಿನಲ್ಲಿ ಹಿಡಿದಿಟ್ಟರೆ ಸಾಕು. ಒಂದು ತಂಡ ಪಾಸಾಗಿ ಹೋದಾಗ ಪುಸ್ತಕ ಮುಂದಿನ ತಂಡಕ್ಕೆ ಸಿಗುವಂತೆ ನೀವು ನೋಡಿಕೊಳ್ಳಿ. ಏನೂ ಕೇಳಿಸದ ಸಂಜೆಯೂ ಬರುತ್ತದೆ. ಆ ದಿನ ಸೊನ್ನೆ ಬರೆದು ಕೆಳಗೆ ಸಹಿ ಹಾಕಿಸಿ.