ಅಗ್ಗದ ಮಾಂಸವನ್ನು ಹದಮಾಡುವ ಕ್ರಮ



ನಮ್ಮ ಗ್ರಾಮಗಳ ಕುಟುಂಬಗಳಲ್ಲಿ ಮಾಂಸವು ದಿನದಿನದ ಆಹಾರವಲ್ಲ. ವಾರಕ್ಕೊಮ್ಮೆಯೋ, ಹಬ್ಬಕ್ಕೊಮ್ಮೆಯೋ, ನಂಟರು ಬಂದಾಗಲೋ ಅದು ಮನೆಗೆ ಬರುತ್ತದೆ. ಕುರಿಯ ಮಾಂಸವನ್ನು ಕೊಳ್ಳುವಷ್ಟು ಹಣ ಕೈಯಲ್ಲಿಲ್ಲದವರು ಎಮ್ಮೆಯ ಮಾಂಸವನ್ನು ತರುತ್ತಾರೆ. ಅದರಲ್ಲಿಯೂ ಬೆಲೆ ಕಡಿಮೆಯಾದ ಕಾಲಿನ, ಕುತ್ತಿಗೆಯ, ಎದೆಯ ಭಾಗಗಳನ್ನೇ ಕೇಳಿ ತರುತ್ತಾರೆ. ಆದರೆ ಅದನ್ನು ಬೇಯಿಸುವ ಕ್ರಮವನ್ನು ಅರಿಯದೆ, ಹಣವನ್ನೂ ಶ್ರಮವನ್ನೂ ಕಳಕೊಂಡವರನ್ನು ನಾವು ಅನೇಕರನ್ನು ಕಂಡಿದ್ದೇವೆ. ಆದದರಿಂದ ಈ ಸಾರಿ ಆ ವಿಷಯವನ್ನೇ ಪಾಠವಾಗಿ ಬರೆಯುತ್ತೇವೆ.

ಬೇರೆಯವರ ತಪ್ಪನ್ನು ಹೇಳುವದಕ್ಕಿಂತ ಮುಂಚೆ ನಮ್ಮ ತಪ್ಪನ್ನು ಹೇಳುವದು ಒಳ್ಳೇದು. ಕೆಲವು ವರುಷಗಳ ಹಿಂದೆ ಸುಗ್ಗಿಯ ಹಬ್ಬದ ದಿವಸ ನಾವು ಎರಡು ಕಿಲೋ ಕಾಲಿನ ಮಾಂಸವನ್ನು ತಂದು, ಮಸಾಲೆ ಕಲಸಿ, ಹೊತ್ತಾಯಿತೆಂಬ ಅವಸರದಿಂದ ಒಲೆಗೆ ಕಟ್ಟಿಗೆ ತುಂಬಿ, ಕೊತಕೊತನೆ ಕುದಿಸಿ, ಒಂದು ತಾಸಿನಲ್ಲಿ ಇಳಿಸಿದೆವು. ಊಟಕ್ಕೆ ಕುಳಿತವರು ಮರ್ಯಾದೆಗೋಸ್ಕರ ಏನೂ ಹೇಳದೆ ಬಹಳ ಹೊತ್ತು ಅಗಿದರು. ಹಲ್ಲಿಲ್ಲದ ನಮ್ಮ ಅಜ್ಜಿಯವರು ಒಂದು ತುಂಡನ್ನು ಬಾಯಲ್ಲಿ ಆಡಿಸಿ, ಮೆಲ್ಲನೆ ತೆಗೆದು ತಟ್ಟೆಯ ಅಂಚಿಗೆ ಇಟ್ಟು, "ನನಗೆ ಸಾರೇ ಸಾಕು, ಮಕ್ಕಳಿಗೆ ಬಡಿಸಿರಿ" ಅಂದರು. ಮಕ್ಕಳೂ ತಿನ್ನಲಾರದೆ ಉಳಿಸಿದರು. ಹಬ್ಬಕ್ಕೆಂದು ಕೂಡಿಸಿಟ್ಟ ಹಣದ ಬಹು ಭಾಗವು ನಾಯಿಯ ಪಾಲಾಯಿತು.

ಅಂಗಡಿಯವನು ಮೋಸಮಾಡಿದನೆಂದು ನಾವು ದೂರಿದೆವು. ಆದರೆ ಮದುವೆಯ ಮನೆಗಳಲ್ಲಿ ಅಡಿಗೆ ಮಾಡಿ ಕೈ ಪಳಗಿದ ನೆರೆಮನೆಯ ಹಿರಿಯರೊಬ್ಬರು ಉಳಿದ ತುಂಡನ್ನು ಬೆರಳಿನಿಂದ ಒತ್ತಿ ನೋಡಿ, "ಮಾಂಸದಲ್ಲಿ ತಪ್ಪಿಲ್ಲ, ಮಕ್ಕಳೇ, ನೀವು ಅರ್ಧ ದಾರಿಯಲ್ಲಿ ಇಳಿಸಿಬಿಟ್ಟಿರಿ" ಅಂದರು. ಈ ಪಾಠದ ಸಾರವೆಲ್ಲಾ ಆ ಒಂದು ಮಾತಿನಲ್ಲಿ ಅಡಗಿದೆ.

೧. ಮಾಂಸವು ಗಟ್ಟಿಯಾಗಿರುವದಕ್ಕೆ ಕಾರಣ

ಪಶುವಿನ ಶರೀರದಲ್ಲಿ ಹೆಚ್ಚು ದುಡಿಯುವ ಅಂಗವೇ ಹೆಚ್ಚು ಗಟ್ಟಿಯಾಗಿರುತ್ತದೆ. ಬೆನ್ನಿನ ಒಳಭಾಗಕ್ಕೆ ದುಡಿತವು ಕಡಿಮೆಯಾದ್ದರಿಂದ ಅದು ಮೃದು. ಭಾರ ಹೊರುವ ಕಾಲೂ, ಮೇಯುವದಕ್ಕಾಗಿ ಬಾಗುತ್ತಾ ಏಳುತ್ತಾ ಇರುವ ಕುತ್ತಿಗೆಯೂ ಗಟ್ಟಿ. ಇಂಥ ಭಾಗಗಳಲ್ಲಿ ಮಾಂಸದ ಎಳೆಗಳನ್ನು ಕಟ್ಟಿಹಿಡಿಯುವ ಬಿಳೀ ಪೊರೆಗಳೂ ಅಂಟುನಾರುಗಳೂ ಹೇರಳವಾಗಿವೆ. ಈ ನಾರಿಗೆ ಶಾಸ್ತ್ರಜ್ಞರು ಕೊಲಾಜನ್ ಎಂದು ಹೆಸರಿಟ್ಟಿದ್ದಾರೆ. ಪಶುವಿಗೆ ವಯಸ್ಸಾದಷ್ಟೂ ಈ ನಾರಿನ ಹೆಣಿಗೆಯು ಬಿಗಿಯಾಗುತ್ತಾ ಹೋಗುತ್ತದೆ.

ನಮ್ಮ ಸೀಮೆಯಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಕರ್ನಾಟಕದಲ್ಲಿ ೨೦೨೧ನೇ ಇಸವಿಯ ಜನವರಿಯಿಂದ ಜಾರಿಗೆ ಬಂದ ಕಾಯಿದೆಯ ಪ್ರಕಾರ ಆಕಳು, ಕರು, ಹೋರಿ, ಎತ್ತುಗಳನ್ನು ಮಾಂಸಕ್ಕಾಗಿ ಕೊಯ್ಯಕೂಡದು. ೧೩ ವರುಷ ದಾಟಿದ ಎಮ್ಮೆ ಕೋಣಗಳನ್ನು ಮಾತ್ರ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಕೊಯ್ಯಬಹುದು. ಹೀಗಿರುವಲ್ಲಿ ನಮಗೆ ನ್ಯಾಯವಾಗಿ ದೊರೆಯುವದು ಮುದಿ ಪಶುವಿನ ಮಾಂಸವೇ. ಅದು ಕಪ್ಪುಗೆಂಪು ಬಣ್ಣದ್ದು; ಅದರ ಎಳೆಗಳು ದಪ್ಪ, ನೆಣವು ಬಿಳುಪು, ಅದೂ ಸ್ವಲ್ಪವೇ. ಎಳೇ ಕುರಿಯ ಮಾಂಸವನ್ನು ಬೇಯಿಸುವ ಹಾಗೆ ಇದನ್ನು ಬೇಯಿಸಿದರೆ ಸಫಲವಾಗಲಾರದು.

ಒಲೆಯ ಮೇಲೆ ಏನು ನಡೆಯುತ್ತದೆಂಬದನ್ನು ಈಗ ಕೇಳಿರಿ. ಮಾಂಸದ ಒಳಗಿನ ಶಾಖವು ೬೦ ಡಿಗ್ರಿ ಸೆಂಟಿಗ್ರೇಡನ್ನು ದಾಟುವಾಗ ಅಂಟುನಾರುಗಳು ಕುಗ್ಗಿ, ಹಿಂಡಿದ ಬಟ್ಟೆಯಂತೆ ಒಳಗಿನ ರಸವನ್ನು ಹೊರಗೆ ತಳ್ಳುತ್ತವೆ. ಆಗ ತುಂಡು ಚಿಕ್ಕದಾಗಿ, ಹಸಿಯಾಗಿದ್ದಾಗಿನಕ್ಕಿಂತಲೂ ಗಟ್ಟಿಯಾಗುತ್ತದೆ. ಅನುಭವವಿಲ್ಲದವರು ಇದನ್ನು ನೋಡಿ, ಹೆಚ್ಚು ಬೇಯಿಸಿ ಕೆಡಿಸಿದೆವೆಂದು ಹೆದರಿ ಇಳಿಸುತ್ತಾರೆ. ನಿಜವು ಇದಕ್ಕೆ ವಿರುದ್ಧವಾಗಿದೆ. ೭೦ ಡಿಗ್ರಿಯನ್ನು ದಾಟಿದ ಶಾಖದಲ್ಲಿ ನೀರಿನೊಂದಿಗೆ ಕೆಲವು ತಾಸು ಇದ್ದರೆ ಅದೇ ನಾರು ಮೆಲ್ಲಮೆಲ್ಲನೆ ಕರಗಿ, ಜೆಲಟಿನ್ ಎಂಬ ಮೃದುವಾದ ಅಂಟಾಗಿ, ಎಳೆಗಳನ್ನು ಬಿಡಿಸಿ ಸಾರಿಗೆ ಮಂದವನ್ನು ಕೊಡುತ್ತದೆ. ಕಾಲಿನ ಸಾರು ತಣ್ಣಗಾದಾಗ ಹೆಪ್ಪುಗಟ್ಟಿ ನಡುಗುವದು ಇದರಿಂದಲೇ. ಮೃದುವಾದ ದುಬಾರಿ ಭಾಗದಲ್ಲಿ ಈ ನಾರು ಕಡಿಮೆಯಾದ್ದರಿಂದ ಅದನ್ನು ಎಷ್ಟು ಬೇಯಿಸಿದರೂ ಇಂಥ ಸಾರು ಬರುವದಿಲ್ಲ. ಬಡವನ ತುಂಡಿನಲ್ಲಿರುವ ಗಟ್ಟಿತನವೇ ತಾಳ್ಮೆಯುಳ್ಳವನಿಗೆ ರುಚಿಯಾಗುತ್ತದೆ.

೨. ಮಸಾಲೆಯಲ್ಲಿ ನೆನೆಯಿಡುವದರ ಪ್ರಯೋಜನ

ಮಾಂಸವನ್ನು ಹುಳಿಯಲ್ಲಿಯೂ ಮಸಾಲೆಯಲ್ಲಿಯೂ ನೆನೆಯಿಡುವ ಪದ್ಧತಿಯು ಅನೇಕ ದೇಶಗಳಲ್ಲಿದೆ. ಪೋರ್ಚುಗೀಸರು ದ್ರಾಕ್ಷಾರಸದಲ್ಲಿಯೂ ಬೆಳ್ಳುಳ್ಳಿಯಲ್ಲಿಯೂ ಮಾಂಸವನ್ನು ಇಡುತ್ತಿದ್ದ ಕ್ರಮವೇ ಗೋವೆಯಲ್ಲಿ ವಿಂದಾಲು ಎಂಬ ಅಡಿಗೆಯಾಯಿತು. ಜರ್ಮನಿಯವರು ದನದ ಗಟ್ಟಿ ಮಾಂಸವನ್ನು ಕೆಲವು ದಿವಸ ಸಿರ್ಕಾದಲ್ಲಿ ನೆನೆಸುತ್ತಾರೆ. ಆದರೆ ಅವರೂ ಅದನ್ನು ನಂಬಿ ಸುಮ್ಮನಿರದೆ, ಬಳಿಕ ಮುಚ್ಚಿದ ಪಾತ್ರೆಯಲ್ಲಿ ತಾಸುಗಟ್ಟಲೆ ಬೇಯಿಸುತ್ತಾರೆ. ನೆನೆಯಿಡುವದರಿಂದ ಏನಾಗುತ್ತದೆ, ಏನಾಗುವದಿಲ್ಲ ಎಂಬದನ್ನು ಬೇರೆ ಬೇರೆ ತಿಳಿಯಬೇಕು.

ಉಪ್ಪು: ಇದೇ ಮುಖ್ಯವಾದದ್ದು. ಉಪ್ಪು ಕೆಲವು ತಾಸುಗಳಲ್ಲಿ ಮಾಂಸದ ಒಳಕ್ಕೆ ಇಳಿದು, ರುಚಿಯನ್ನು ಕೊಡುವದಲ್ಲದೆ ಬೇಯುವಾಗ ರಸವು ಪೂರಾ ಹರಿದುಹೋಗದಂತೆ ಮಾಡುತ್ತದೆ.

ಹುಳಿ: ಮೊಸರು, ನಿಂಬೆ, ಹುಣಿಸೆ, ಸಿರ್ಕಾ, ಕೊಡಗಿನ ಕಾಚಂಪುಳಿ, ಇವೆಲ್ಲಾ ಮೇಲ್ಭಾಗದಲ್ಲಿ ಸ್ವಲ್ಪ ಆಳಕ್ಕೆ ಮಾತ್ರ ಕೆಲಸಮಾಡುತ್ತವೆ. ನಿಂಬೆ ಸಿರ್ಕಾಗಳ ತೀಕ್ಷ್ಣವಾದ ಹುಳಿಯಲ್ಲಿ ಚಿಕ್ಕ ತುಂಡುಗಳು ಬಹಳ ಹೊತ್ತು ಬಿದ್ದಿದ್ದರೆ ಮೇಲ್ಮೈಯು ಒಣಗಿ ಹಿಟ್ಟುಹಿಟ್ಟಾಗುತ್ತದೆ. ಮೊಸರಿನ ಹುಳಿಯು ಸೌಮ್ಯವಾದದ್ದರಿಂದ ಮನೆಯ ಅಡಿಗೆಗೆ ಅದೇ ಉತ್ತಮ.

ಪರಂಗಿ ಕಾಯಿ: ಹಸೀ ಪಪ್ಪಾಯಿಯ ಹಾಲಿನಲ್ಲಿ ಪಪೇನ್ ಎಂಬ ಪದಾರ್ಥವಿದೆ. ಅದು ಮಾಂಸದ ಎಳೆಗಳನ್ನೇ ಕತ್ತರಿಸುತ್ತದೆ. ಕೆಂಡದ ಮೇಲೆ ಸುಡುವ ಅಥವಾ ಕಾವಲಿಯಲ್ಲಿ ಹುರಿಯುವ ತೆಳು ತುಂಡುಗಳಿಗೆ ಒಂದು ಕಿಲೋಕ್ಕೆ ಒಂದು ದೊಡ್ಡ ಚಮಚದಷ್ಟು ಅರೆದ ಕಾಯಿಯನ್ನು ಹಚ್ಚಿ, ಅರ್ಧ ತಾಸಿನಿಂದ ಒಂದು ತಾಸಿನ ವರೆಗೆ ಇಟ್ಟರೆ ಸಾಕು. ರಾತ್ರಿಯೆಲ್ಲಾ ಇಟ್ಟರೆ ಮೇಲ್ಭಾಗವು ಮುದ್ದೆಯಾಗಿ, ಒಳಭಾಗವು ಹಾಗೆಯೇ ಉಳಿದೀತು. ಬಹಳ ಹೊತ್ತು ಬೇಯಿಸುವ ಸಾರಿಗೆ ಪರಂಗಿಯ ಅವಶ್ಯವೇ ಇಲ್ಲ.

ಹೀಗೆ ನೆನೆಯಿಡುವದು ರುಚಿಯನ್ನು ಸಿದ್ಧಮಾಡುತ್ತದೆ. ಆದರೆ ಅಂಟುನಾರನ್ನು ಕರಗಿಸುವದು ಸಣ್ಣ ಉರಿಯೂ ಹೊತ್ತೂ ಮಾತ್ರ.

೩. ಅಡಿಗೆಯ ಕ್ರಮ

ಒಂದು ಕಿಲೋ ಕಾಲಿನ ಅಥವಾ ಕುತ್ತಿಗೆಯ ಮಾಂಸವನ್ನು ಮೂರು ಬೆರಳಗಲದ ತುಂಡುಗಳಾಗಿ ಕೊಯ್ಯಿರಿ. ಎಳೆಗಳು ಓಡುವ ದಿಕ್ಕನ್ನು ನೋಡಿ, ಅವುಗಳಿಗೆ ಅಡ್ಡಲಾಗಿ ಕತ್ತಿಯನ್ನು ಹಾಯಿಸಬೇಕು. ಎಳೆಗಳು ಗಿಡ್ಡವಾದಷ್ಟೂ ಅಗಿಯುವದು ಸುಲಭ. ಹೊರಗಿನ ದಪ್ಪ ಪೊರೆಯನ್ನು ಮಾತ್ರ ತೆಗೆದು, ಒಳಗಿನ ಬಿಳೀ ನಾರುಗಳನ್ನು ಬಿಡಿರಿ; ಅವೇ ಕರಗಿ ಸಾರಾಗತಕ್ಕವು.

ಎರಡೂವರೆ ಚಿಕ್ಕ ಚಮಚ ಉಪ್ಪು, ಅರ್ಧ ಚಮಚ ಅರಿಸಿನ, ಎರಡು ಚಮಚ ಕುಟ್ಟಿದ ಮೆಣಸು, ಎರಡು ದೊಡ್ಡ ಚಮಚ ಅರೆದ ಶುಂಠಿ ಬೆಳ್ಳುಳ್ಳಿ, ಅರ್ಧ ಬಟ್ಟಲು ಮೊಸರು, ಒಂದು ದೊಡ್ಡ ಚಮಚ ಎಣ್ಣೆ, ಇವುಗಳನ್ನು ಮಾಂಸಕ್ಕೆ ಕೈಯಿಂದ ಚೆನ್ನಾಗಿ ತಿಕ್ಕಿ ಮುಚ್ಚಿಡಿರಿ. ಮನೆಯಲ್ಲಿ ಫ್ರಿಜ್ಜು ಇದ್ದರೆ ಅದರಲ್ಲಿ ರಾತ್ರಿಯೆಲ್ಲಾ ಇಡಬಹುದು. ಇಲ್ಲದಿದ್ದರೆ ಒಂದು ತಾಸು ನೆನೆಯಿಟ್ಟು ಒಲೆಗೇರಿಸಿರಿ. ಎರಡು ತಾಸಿಗೆ ಮೀರಿ ಹೊರಗೆ ಇಡಬೇಡಿರಿ.

ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ಒಂದು ತುಂಡು ದಾಲ್ಚಿನ್ನಿ, ನಾಲ್ಕು ಲವಂಗ ಹಾಕಿ, ಹೆಚ್ಚಿದ ಮೂರು ಈರುಳ್ಳಿಯನ್ನು ಕೆಂಪಗೆ ಹುರಿಯಿರಿ. ಬಳಿಕ ಮಾಂಸವನ್ನು ಹಾಕಿ, ಬಿಟ್ಟ ನೀರು ಇಂಗುವ ತನಕ ಹುರಿಯಿರಿ. ಮೂರು ದೊಡ್ಡ ಚಮಚ ಕೊತ್ತಂಬರಿ ಪುಡಿ, ಎರಡು ಚಮಚ ಖಾರದ ಪುಡಿ, ಹೆಚ್ಚಿದ ಎರಡು ಟೊಮೇಟೊ ಸೇರಿಸಿ, ಮಾಂಸವು ಮುಳುಗುವಷ್ಟು ಬಿಸಿನೀರು ಹೊಯ್ಯಿರಿ. ಒಂದು ಕುದಿ ಬಂದ ಕೂಡಲೇ ಉರಿಯನ್ನು ತಗ್ಗಿಸಿ, ಮುಚ್ಚಳವಿಟ್ಟು, ನೀರು ಅಲ್ಲಲ್ಲಿ ಗುಳ್ಳೆಯೇಳುವಷ್ಟು ಶಾಖದಲ್ಲಿ ಸುಮಾರು ಮೂರು ತಾಸು ಬೇಯಿಸಿರಿ. ನೀರು ಬತ್ತಿದರೆ ಬಿಸಿನೀರನ್ನೇ ಸೇರಿಸಿರಿ.

ಕಟ್ಟಿಗೆಗೂ ಗ್ಯಾಸಿಗೂ ಹಣ ಬೇಕಲ್ಲಾ ಎಂದು ಕೇಳುವವರಿಗೆ ಕುಕ್ಕರು ಒಳ್ಳೇ ಸಹಾಯವು. ಅದರೊಳಗೆ ಶಾಖವು ಸುಮಾರು ೧೨೦ ಡಿಗ್ರಿಗೆ ಏರುವದರಿಂದ ನಾರು ಬೇಗ ಕರಗುತ್ತದೆ. ಮೊದಲನೇ ಸೀಟಿಯಾದ ಮೇಲೆ ಸಣ್ಣ ಉರಿಯಲ್ಲಿ ೪೦ರಿಂದ ೫೦ ನಿಮಿಷ ಇಟ್ಟು, ಆವಿಯು ತಾನಾಗಿ ಇಳಿಯುವ ತನಕ ಮುಚ್ಚಳವನ್ನು ತೆರೆಯಬೇಡಿರಿ.

ಬೆಂದಿತೋ ಇಲ್ಲವೋ ಎಂಬದಕ್ಕೆ ಗಡಿಯಾರವಲ್ಲ, ಮಾಂಸವೇ ಸಾಕ್ಷಿ. ಕಡ್ಡಿಯೊಂದನ್ನು ಚುಚ್ಚಿದರೆ ತಡೆಯಿಲ್ಲದೆ ಹೋಗಬೇಕು. ಬಿಗಿಯಾಗಿದ್ದರೆ ಇನ್ನೂ ಅರ್ಧ ದಾರಿಯಲ್ಲಿದೆಯೆಂದು ತಿಳಿದು ಮುಂದುವರಿಸಿರಿ. ಕೊನೆಗೆ ಒಂದು ಹಿಡಿ ತೆಂಗಿನ ತುರಿಯನ್ನು ಹುರಿದು ಅರೆದು ಹಾಕಿ, ಐದು ನಿಮಿಷ ಕುದಿಸಿ ಇಳಿಸಿರಿ. ಇದು ರೊಟ್ಟಿಗೂ ಮುದ್ದೆಗೂ ಅನ್ನಕ್ಕೂ ಒಪ್ಪುತ್ತದೆ. ಬೇಯುವಾಗ ಮಾಂಸದ ತೂಕದಲ್ಲಿ ಮೂರರಲ್ಲಿ ಸುಮಾರು ಒಂದು ಪಾಲು ಇಳಿಯುವದರಿಂದ, ಜನ ಹೆಚ್ಚಿದ್ದರೆ ಕೊನೆಯ ಅರ್ಧ ತಾಸಿನಲ್ಲಿ ಆಲೂಗಡ್ಡೆಯನ್ನು ಸೇರಿಸಬಹುದು.

೪. ಕೆಲವು ಎಚ್ಚರಿಕೆಗಳು

ಹುಳಿ ಬೆರೆತ ಮಾಂಸವನ್ನು ಅಲ್ಯುಮಿನಿಯಮ್ ಪಾತ್ರೆಯಲ್ಲಿಯಾಗಲಿ ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಗಳಲ್ಲಿಯಾಗಲಿ ನೆನೆಯಿಡಬಾರದು. ಹುಳಿಯು ಲೋಹವನ್ನು ತಿನ್ನುತ್ತದೆ. ಮಣ್ಣಿನ, ಗಾಜಿನ ಅಥವಾ ಸ್ಟೀಲಿನ ಪಾತ್ರೆಯು ಯೋಗ್ಯ. ಹಸೀ ಮಾಂಸ ಮುಟ್ಟಿದ ಕೈ, ಕತ್ತಿ, ಮಣೆಗಳನ್ನು ಸಾಬೂನಿನಿಂದ ತೊಳೆಯದೆ ಬೇರೆ ಪದಾರ್ಥವನ್ನು ಮುಟ್ಟಬೇಡಿರಿ. ನೆನೆಯಿಟ್ಟ ರಸವನ್ನು ಕುದಿಸದೆ ಉಪಯೋಗಿಸಬಾರದು. ಉಳಿದ ಸಾರನ್ನು ಬೇಗ ತಣಿಸಿ ಇಟ್ಟು, ತಿನ್ನುವ ಮುಂಚೆ ಚೆನ್ನಾಗಿ ಕುದಿಸಿರಿ. ಪರವಾನಗಿಯುಳ್ಳ ಅಂಗಡಿಯಲ್ಲಿಯೇ ಕೊಳ್ಳಿರಿ. ನೆರೆಹೊರೆಯಲ್ಲಿ ಈ ಆಹಾರವನ್ನು ಒಲ್ಲದವರಿದ್ದರೆ ಅವರ ಮನಸ್ಸು ನೋಯದಂತೆ ನಡೆದುಕೊಳ್ಳುವದು ನಮಗೆ ಒಪ್ಪುವದು.

ಮಾರನೇ ವರುಷದ ಸುಗ್ಗಿಯ ಹಬ್ಬದಲ್ಲಿ ನಾವು ಅದೇ ಕಾಲಿನ ಮಾಂಸವನ್ನು ತಂದು, ಹಿಂದಿನ ದಿವಸವೇ ನೆನೆಯಿಟ್ಟು, ಬೆಳಿಗ್ಗೆಯೇ ಒಲೆಗೇರಿಸಿದೆವು. ಅಜ್ಜಿಯವರು ಮೊದಲು ಸಾರನ್ನಷ್ಟೇ ಹಾಕಿಸಿಕೊಂಡರು. ನಾವು ಬಲವಂತಮಾಡಿ ಒಂದು ತುಂಡನ್ನು ಬಡಿಸಿದಾಗ, ಅದನ್ನು ಎರಡು ಬೆರಳಿನಿಂದ ಮುಟ್ಟಿ, ಎಳೆಗಳು ಬಿಡಿಸಿಕೊಂಡದ್ದನ್ನು ಕಂಡು, ಏನೂ ಹೇಳದೆ ಉಂಡರು. ಸ್ವಲ್ಪ ಹೊತ್ತಿನ ಮೇಲೆ ತಟ್ಟೆಯನ್ನು ಮುಂದಕ್ಕೆ ಸರಿಸಿ, "ಇನ್ನೊಂದು ಹಾಕು" ಅಂದರು. ಹೆಚ್ಚಿನ ಹಣವನ್ನು ನಾವು ಖರ್ಚುಮಾಡಿರಲಿಲ್ಲ; ಹೊತ್ತನ್ನು ಮಾತ್ರ ಕೊಟ್ಟಿದ್ದೆವು.

ಸ್ತ್ರೀಯರ ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಕಾಲಿನ ಮಾಂಸವು ಬೆನ್ನಿನ ಮಾಂಸಕ್ಕಿಂತ ಗಟ್ಟಿಯಾಗಿರುವದಕ್ಕೆ ಕಾರಣವೇನು?
೨. ಒಂದು ತಾಸು ಕುದಿಸಿದ ಮಾಂಸವು ಹಸೀ ಮಾಂಸಕ್ಕಿಂತ ಗಟ್ಟಿಯಾಗುವದು ಯಾಕೆ? ಆಗ ಏನು ಮಾಡಬೇಕು?
೩. ಉಪ್ಪು, ಮೊಸರು, ಪರಂಗಿ ಕಾಯಿ ಇವುಗಳಲ್ಲಿ ಒಂದೊಂದರ ಕೆಲಸವೇನು?
೪. ಫ್ರಿಜ್ಜು ಇಲ್ಲದ ಮನೆಯಲ್ಲಿ ಮಾಂಸವನ್ನು ಎಷ್ಟು ಹೊತ್ತು ನೆನೆಯಿಡಬಹುದು?
೫. ನಿಮ್ಮ ಮನೆಯಲ್ಲಿ ಹಲ್ಲಿಲ್ಲದ ಹಿರಿಯರೂ ಚಿಕ್ಕ ಮಕ್ಕಳೂ ಉಣ್ಣುವಂತೆ ಮಾಂಸವು ಬೇಯುತ್ತದೋ? ಈ ವಾರ ಪರೀಕ್ಷಿಸಿ ನೋಡಿರಿ.