ಜೂನ್ 10: ರವಿವಾರದ ಸೂಟಿ ಸಿಕ್ಕ ದಿನ

ಹಬ್ಬವೂ ಅಲ್ಲದ, ಜಯಂತಿಯೂ ಅಲ್ಲದ ಒಂದು ತಾರೀಖನ್ನು ಈ ಸಲದ ಪಾಠಕ್ಕೆ ತೆಗೆದುಕೊಂಡಿದ್ದೇವೆ. ಅದು 1890ರ ಜೂನ್ 10. ಮುಂಬಯಿಯ ಗಿರಣಿ ಮಾಲಿಕರು ಕೆಲಸಗಾರರಿಗೆ ರವಿವಾರ ಸೂಟಿ ಕೊಡಲು ಒಪ್ಪಿದ್ದು ಅಂದು. ನಮ್ಮ ವಾಚನಾಲಯದ ಬೆಂಚುಗಳು ರವಿವಾರವೇ ಏಕೆ ತುಂಬುತ್ತವೆ ಎಂಬುದರ ಮೂಲ ಅಲ್ಲಿದೆ.

ಮುಂಬಯಿಯ ಮೊದಲ ಹತ್ತಿ ಗಿರಣಿ ನಡೆಯತೊಡಗಿದ್ದು 1856ರಲ್ಲಿ. ಆಗ ವಿದ್ಯುದ್ದೀಪವಿಲ್ಲ, ಸೂರ್ಯನೇ ಗಡಿಯಾರ. ಬೆಳಕು ಹರಿದಾಗ ಯಂತ್ರ ಸುರು, ಕತ್ತಲಾದಾಗ ಬಂದು. ಆದ್ದರಿಂದ ಬೇಸಗೆಯಲ್ಲಿ ದುಡಿತ ಹೆಚ್ಚು, ಹದಿಮೂರು ಗಂಟೆಯವರೆಗೂ ಹೋಗುತ್ತಿತ್ತು. ಹಬ್ಬದ ಕೆಲವು ದಿನಗಳನ್ನು ಬಿಟ್ಟರೆ ವಾರದ ವಿಶ್ರಾಂತಿ ಎಂಬ ಮಾತೇ ಇರಲಿಲ್ಲ. ರವಿವಾರ ಯಂತ್ರ ನಿಂತರೂ ಅದನ್ನು ಒರೆಸಿ ಶುಚಿ ಮಾಡಲು ಜನ ಬರಬೇಕು. ಅದೇ ಊರಿನ ಸರಕಾರಿ ಕಚೇರಿಗಳಿಗೆ ಮಾತ್ರ ಅಂದು ಬೀಗ! 1881ರ ಕಾರಖಾನೆ ಕಾಯಿದೆಯು ಏಳರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ ಒಂಬತ್ತು ಗಂಟೆಯ ಕೆಲಸ, ತಿಂಗಳಿಗೆ ನಾಲ್ಕು ಸೂಟಿ ಎಂದು ಗೊತ್ತುಮಾಡಿತು. ದೊಡ್ಡವರ ಸುದ್ದಿಯನ್ನೇ ಎತ್ತಲಿಲ್ಲ.

ಅದನ್ನು ಎತ್ತಿದವರು ನಾರಾಯಣ ಮೇಘಾಜಿ ಲೋಖಂಡೆ. ಇವರು ಜೋತಿರಾವ್ ಫುಲೆಯವರ ಅನುಯಾಯಿಗಳು, 'ದೀನಬಂಧು' ಎಂಬ ಮರಾಠಿ ಪತ್ರಿಕೆಯ ಸಂಪಾದಕರು. ಅದಕ್ಕೂ ಮೊದಲು ಗಿರಣಿಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದರು, ಅಂದರೆ ನಮ್ಮಂತೆ ದಫ್ತರ ಹಿಡಿದವರೇ. ಕಾರಕೂನರು ಮಾಲಿಕನ ಕಡೆಯವರೆಂದು ಖಾತೆಯವರು ಹಾಸ್ಯ ಮಾಡುವುದುಂಟು. ಅವರಿಗೆ ಈ ಹೆಸರನ್ನು ಹೇಳಬಹುದು.

1884ರಲ್ಲಿ ಲೋಖಂಡೆಯವರು ಸಭೆ ಸೇರಿಸಿ, 5,000ಕ್ಕೂ ಹೆಚ್ಚು ಕೆಲಸಗಾರರ ಸಹಿಯ ಅರ್ಜಿಯನ್ನು ಸಿದ್ಧಪಡಿಸಿದರು. ಕೇಳಿಕೆಗಳು ಬಹಳ ಸೌಮ್ಯವಾದವು. ರವಿವಾರ ಸೂಟಿ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಬೆಳಿಗ್ಗೆ ಆರೂವರೆಯಿಂದ ಸೂರ್ಯಾಸ್ತದವರೆಗೆ ಕೆಲಸ, ಗಾಯವಾದವರಿಗೆ ಪರಿಹಾರ, ಮತ್ತು ಹಿಂದಿನ ತಿಂಗಳ ಪಗಾರ ಹದಿನೈದನೆಯ ತಾರೀಖಿನೊಳಗೆ ಕೈಗೆ ಬರಬೇಕು. ಆರು ವರ್ಷ ಇದೇ ಮಾತು ನಡೆಯಿತು. ರವಿವಾರ ಖಂಡೋಬನ ವಾರವೆಂದು ಲೋಖಂಡೆಯವರು ವಾದಿಸಿದರೆಂದು ಹೇಳುವುದುಂಟು. ಖಂಡೋಬನೆಂದರೆ ನಮ್ಮ ಮೈಲಾರಲಿಂಗನೇ ತಾನೆ!

1890ರ ಏಪ್ರಿಲ್ 24ರಂದು 10,000 ಕೆಲಸಗಾರರ ಸಭೆ ಕೂಡಿತು. ಇಬ್ಬರು ಹೆಂಗಸರು ಎದ್ದು ನಿಂತು ಭಾಷಣ ಮಾಡಿದರು. ಆ ಕಾಲಕ್ಕೆ ಅದೇನು ಸಣ್ಣ ಧೈರ್ಯವಲ್ಲ. ಮಾಲಿಕರ ಸಂಘಕ್ಕೆ ಮನವಿ ಹೋಯಿತು. ಸುಮಾರು ಒಂದೂವರೆ ತಿಂಗಳಲ್ಲಿ ಒಪ್ಪಿಗೆ ಬಂತು. ಮಾಲಿಕರ ಮನಸ್ಸು ತಾನಾಗಿ ಕರಗಿತೆಂದು ನಾವು ತಿಳಿಯಬೇಕಾಗಿಲ್ಲ. ಮುಂಬಯಿಯ ಅಗ್ಗದ ನೂಲಿಗೆ ಅಂಜಿದ ಲಂಕಾಶಾಯರದ ವ್ಯಾಪಾರಿಗಳು, ಇಲ್ಲಿಯ ದುಡಿತದ ವೇಳೆಗೆ ಕಟ್ಟು ಹಾಕಬೇಕೆಂದು ವಿಲಾಯತಿಯಲ್ಲಿ ಗದ್ದಲ ಮಾಡುತ್ತಿದ್ದರು. ಅವರ ಕಾರಣ ಬೇರೆ, ಲೋಖಂಡೆಯವರ ಕಾರಣ ಬೇರೆ. 1891ರ ಕಾಯಿದೆಯಲ್ಲಿ ವಾರದ ಸೂಟಿಯೂ ಮಧ್ಯಾಹ್ನದ ಅರ್ಧ ಗಂಟೆಯೂ ಸೇರಿದವು.

ಪಗಾರದ ಕೇಳಿಕೆ ಮಾತ್ರ ಹಿಂದೆ ಬಿತ್ತು. ಪಗಾರ ತಡವಾದಷ್ಟೂ ದಿನಸಿ ಅಂಗಡಿಯ ಉದ್ದರಿ, ಸಾವಕಾರನ ಬಡ್ಡಿ ಬೆಳೆಯುವುದು ಯಾರಿಗೆ ಗೊತ್ತಿಲ್ಲ? ಅದಕ್ಕೆ ಕಾಯಿದೆ ಆದದ್ದು 1936ರಲ್ಲಿ: ಸಾವಿರಕ್ಕಿಂತ ಕಡಿಮೆ ಜನರಿರುವಲ್ಲಿ ಏಳು ದಿನ, ಹೆಚ್ಚಿದ್ದರೆ ಹತ್ತು ದಿನ ಕಳೆಯುವುದರೊಳಗೆ ಕೊಡಬೇಕೆಂದು. ಲೋಖಂಡೆಯವರು ಕೇಳಿದ್ದು ಹದಿನೈದು. ಆದರೆ ಅವರು 1897ರ ಫೆಬ್ರವರಿ 9ರಂದೇ, ಮುಂಬಯಿಯ ಪ್ಲೇಗಿನಲ್ಲಿ, ತೀರಿಕೊಂಡಿದ್ದರು.