ಮೊತ್ತ ಸೊನ್ನೆ ಬಂದ ಪಾಠ

ಬೋಧನಾಭ್ಯಾಸದ ಮೂರನೇ ವಾರ. ಪ್ರಥಮ ಪಿಯುಸಿ ಗಣಕವಿಜ್ಞಾನ ತರಗತಿಗೆ ನಾನು ಆಯ್ದುಕೊಂಡ ಪಾಠ, ಸಂಖ್ಯೆಗಳ ಸಾಲಿಗೆ ಪೈಥಾನ್‌ನಲ್ಲಿ ಗಾಮಾ ಫಲನದ ಬೆಲೆ ಕಂಡುಹಿಡಿಯುವುದು.

ಪೂರ್ವಜ್ಞಾನ: ಕ್ರಮಯೋಜನೆಯ ಅಧ್ಯಾಯದಿಂದ ಮಕ್ಕಳಿಗೆ ಫ್ಯಾಕ್ಟೋರಿಯಲ್ ಗೊತ್ತಿತ್ತು. 5ರ ಗಾಮಾ ಎಂದರೆ 4ರ ಫ್ಯಾಕ್ಟೋರಿಯಲ್, ಅಂದರೆ 24, 2.5ರಂಥ ಸಂಖ್ಯೆಗೂ ಗಾಮಾ ಬೆಲೆ ಉಂಟು ಎಂದು ಪೀಠಿಕೆ ಹಾಕಿದೆ.

ನಡೆದದ್ದು: ಗಾಮಾ ಫಲನ ಒಮ್ಮೆಗೆ ಒಂದೇ ಸಂಖ್ಯೆಯನ್ನು ತೆಗೆದುಕೊಳ್ಳುತ್ತದೆ. ಆದ್ದರಿಂದ 1ರಿಂದ 5ರವರೆಗಿನ ಸಂಖ್ಯೆಗಳಿಗೆ ಮ್ಯಾಪ್ ಬಳಸಿ, ಫಲಿತಾಂಶವನ್ನು ಒಂದು ಹೆಸರಿನಲ್ಲಿಟ್ಟೆ. ಅದನ್ನು ಪಟ್ಟಿ ಮಾಡಿ ತೋರಿಸಿದಾಗ 1.0, 1.0, 2.0, 6.0, 24.0 ಬಂತು. ಮುಂದಿನ ಸಾಲಿನಲ್ಲಿ ಮೊತ್ತ ಕೇಳಿದೆ. 34.0 ಬರಬೇಕಿತ್ತು, ಬಂದದ್ದು 0. ದೋಷದ ಸಂದೇಶವೂ ಇಲ್ಲ. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಿ ಉಪನ್ಯಾಸಕರು ಬರೆದುಕೊಳ್ಳುತ್ತಿದ್ದರು. ಗಾಬರಿಯಲ್ಲಿ "ಟೈಪಿಂಗ್ ತಪ್ಪು" ಎಂದು ಹೇಳಿ ಪರದೆ ಅಳಿಸಿದೆ. ಅದು ಸುಳ್ಳು. ಗಂಟೆ ಹೊಡೆದ ಮೇಲೆ ಒಬ್ಬ ಹುಡುಗಿ ಪುಸ್ತಕ ತೋರಿಸಿದಳು: "ಮಿಸ್, ನೀವು ಹಾಕಿದ್ದನ್ನೇ ಬರೆದುಕೊಂಡಿದ್ದೀನಿ. ತಪ್ಪು ಎಲ್ಲಿದೆ?" ನನ್ನಲ್ಲಿ ಉತ್ತರವಿರಲಿಲ್ಲ.

ಮರುಪಾಠ: ರಾತ್ರಿ ಕುಳಿತು ಓದಿದಾಗ ತಿಳಿಯಿತು. ಪೈಥಾನ್ 3ರಲ್ಲಿ ಮ್ಯಾಪ್ ಕೊಡುವುದು ಪಟ್ಟಿಯಲ್ಲ, ಇಟರೇಟರ್. ಕೇಳಿದಾಗ ಒಂದೊಂದೇ ಬೆಲೆ ಲೆಕ್ಕಹಾಕಿ ಕೊಡುತ್ತದೆ, ಕೊಟ್ಟದ್ದನ್ನು ಉಳಿಸಿಕೊಳ್ಳುವುದಿಲ್ಲ. ಮರುದಿನ ಮೊದಲು "ನಿನ್ನೆ ನಾನು ಹೇಳಿದ್ದು ತಪ್ಪು, ನನಗೆ ಕಾರಣ ಗೊತ್ತಿರಲಿಲ್ಲ" ಎಂದೆ. ನಂತರ ಡಬ್ಬದಲ್ಲಿ ಐದು ಚೀಟಿ ಹಾಕಿದೆ. ಐವರು ಬಂದು ಒಂದೊಂದು ಚೀಟಿ ತೆಗೆದು, ಓದಿ, ಹರಿದರು. "ಈಗ ಡಬ್ಬದಲ್ಲಿರುವುದರ ಮೊತ್ತ ಎಷ್ಟು?" ಎಂದು ಕೇಳಿದೆ. ಅದೇ ಹುಡುಗಿ, "ಸೊನ್ನೆ ಮಿಸ್! ಪಟ್ಟಿ ಮಾಡುವಾಗಲೇ ಖಾಲಿಯಾಗಿತ್ತು" ಎಂದಳು. 34.0ರ ಬದಲು ದಶಾಂಶ ಬಿಂದುವಿಲ್ಲದ ಬರೀ 0 ಬಂದದ್ದೇ ಸುಳಿವು ಎಂದು ಇನ್ನೊಬ್ಬ ಗುರುತಿಸಿದ. ಖಾಲಿ ಇಟರೇಟರ್‌ನಲ್ಲಿ ಗರಿಷ್ಠ ಬೆಲೆ ಕೇಳಿದರೆ ಪೈಥಾನ್ ದೋಷ ತೋರಿಸುತ್ತದೆ ಎಂಬುದನ್ನು ಮಕ್ಕಳೇ ಮಾಡಿ ನೋಡಿದರು.

ಪರಿಹಾರ ಎರಡು: ಬೆಲೆಗಳು ಮತ್ತೆ ಬೇಕಿದ್ದರೆ ಮೊದಲೇ ಪಟ್ಟಿಯಾಗಿ ಇಟ್ಟುಕೊಳ್ಳುವುದು, ಸಾಲು ತೀರಾ ಉದ್ದವಾಗಿದ್ದರೆ ನೆನಪಿನ ಜಾಗ ಉಳಿಸಲು ಮ್ಯಾಪ್ ಅನ್ನು ಹೊಸದಾಗಿ ಕಟ್ಟುವುದು.

ನಾನು ಕಲಿತದ್ದು: ಪಾಠಯೋಜನೆಯಲ್ಲಿ ಬರೆದ ಪ್ರತಿ ಸಾಲನ್ನೂ ಅದೇ ಕ್ರಮದಲ್ಲಿ ಮೊದಲೇ ಓಡಿಸಿ ನೋಡಬೇಕು. ಅದಕ್ಕಿಂತ ಮುಖ್ಯವಾದದ್ದು, ಗೊತ್ತಿಲ್ಲದಾಗ "ನಾಳೆ ನೋಡಿಕೊಂಡು ಹೇಳುತ್ತೇನೆ" ಎನ್ನುವುದು. ನಾನು ಅಳಿಸಿದ ಸೊನ್ನೆ ಆ ಹುಡುಗಿಯ ಪುಸ್ತಕದಲ್ಲಿ ಉಳಿದದ್ದರಿಂದಲೇ ಈ ಪಾಠ ಪೂರ್ತಿಯಾಯಿತು.